ವಿಗ್‌ಟೌನ್ ಎಂಬ ಪುಸ್ತಕದ ಊರು: ಅಢಾವೆಯಲ್ಲಿ ಕಾಣದ ಬಂಡವಾಳ

ಒಂದು ಊರಿನ ವ್ಯಾಪಾರವು ಒಂದೇ ದಿನದಲ್ಲಿ ಕುಸಿಯುವುದಿಲ್ಲ. ಮೊದಲು ರೈಲು ನಿಲ್ಲುತ್ತದೆ, ಬಳಿಕ ಸರಕಾರಿ ಕಛೇರಿ ಬೇರೆಡೆಗೆ ಹೋಗುತ್ತದೆ, ಆನಂತರ ಕಾರ್ಖಾನೆಯ ಬಾಗಿಲು ಮುಚ್ಚುತ್ತದೆ. ಕೊನೆಗೆ ಪೇಟೆಬೀದಿಯಲ್ಲಿ ಒಂದೊಂದೇ ಅಂಗಡಿಗೆ ಬೀಗ ಬೀಳುತ್ತದೆ. ಈ ಕ್ರಮದಲ್ಲಿಯೇ ಸೊರಗಿದ್ದ ಪುಟ್ಟ ಊರೊಂದು ಹಳೆಯ ಪುಸ್ತಕಗಳ ವ್ಯಾಪಾರ ಹಾಗೂ ಸ್ವಯಂಸೇವಕರ ದುಡಿಮೆಯಿಂದ ನಡೆಯುವ ಸಾಹಿತ್ಯೋತ್ಸವ ಇವೆರಡರ ಬಲದಿಂದ ಚೇತರಿಸಿಕೊಂಡ ಬಗೆಯು ವಾಣಿಜ್ಯ ಬಾಂಧವರ ಗಮನಕ್ಕೆ ಅರ್ಹವಾಗಿದೆ. ಆ ಊರು ಸ್ಕಾಟ್ಲೆಂಡಿನ ನೈಋತ್ಯ ಮೂಲೆಯಲ್ಲಿರುವ ವಿಗ್‌ಟೌನ್.

ಊರಿನ ಹಿನ್ನೆಲೆ

ವಿಗ್‌ಟೌನಿನ ಜನಸಂಖ್ಯೆ ಸುಮಾರು 1,000 ಮಾತ್ರ. ಆದರೆ ಅದರ ಇತಿಹಾಸ ಚಿಕ್ಕದಲ್ಲ. ರಾಜಸನ್ನದು ಪಡೆದ ಈ ಪುರಾತನ ಪಟ್ಟಣವು ತನ್ನದೇ ಹೆಸರಿನ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗಕ್ಕೆ, ಕೇಂದ್ರವಾಗಿತ್ತು. 1685ರಲ್ಲಿ ತಮ್ಮ ಧಾರ್ಮಿಕ ನಂಬಿಕೆಯನ್ನು ಬಿಟ್ಟುಕೊಡದ ಇಬ್ಬರು ಮಹಿಳೆಯರನ್ನು ಇಲ್ಲಿನ ಸಮುದ್ರದಂಚಿನಲ್ಲಿ ಕಂಬಗಳಿಗೆ ಕಟ್ಟಿ, ಏರುವ ಭರತದ ನೀರಿನಲ್ಲಿ ಮುಳುಗಿಸಲಾಯಿತು. ಅವರ ಸ್ಮಾರಕ ಇಂದಿಗೂ ಅಲ್ಲಿದೆ. ಊರಿನ ನಡುವಿನ ವಿಶಾಲ ಚೌಕ ಹಾಗೂ 19ನೇ ಶತಮಾನದ ಭವ್ಯ ಆಡಳಿತ ಭವನ ಆ ಕಾಲದ ಗತ್ತನ್ನು ನೆನಪಿಸುತ್ತವೆ.

ಈ ಗತ್ತು 20ನೇ ಶತಮಾನದಲ್ಲಿ ಕರಗಿತು. 1950ರಲ್ಲಿ ಪ್ರಯಾಣಿಕರ ರೈಲು ನಿಂತಿತು. 1964ರಲ್ಲಿ ಸರಕು ರೈಲೂ ನಿಂತಿತು. 1975ರ ಆಡಳಿತ ಪುನರ್ವಿಂಗಡಣೆಯಲ್ಲಿ ಕೌಂಟಿ ಕೇಂದ್ರದ ಸ್ಥಾನ ಹೋಯಿತು. ಸ್ಥಳೀಯರಿಗೆ ಉದ್ಯೋಗ ನೀಡುತ್ತಿದ್ದ ಹಾಲಿನ ಉತ್ಪನ್ನಗಳ ಕಾರ್ಖಾನೆ ಮುಚ್ಚಿತು. ಪಕ್ಕದ ಬ್ಲಾಡ್ನಾಕ್‌ನ ವಿಸ್ಕಿ ಭಟ್ಟಿಯೂ 1993ರಲ್ಲಿ ಮುಚ್ಚಲ್ಪಟ್ಟಿತು. ಕಟ್ಟಡಗಳು ಉಳಿದವು, ಆದರೆ ಅವುಗಳೊಳಗಿನ ವಹಿವಾಟು ಉಳಿಯಲಿಲ್ಲ.

ಪುಸ್ತಕದ ಊರು ಎಂಬ ಕಲ್ಪನೆ

ಇದಕ್ಕೆ ಪರಿಹಾರವಾಗಿ ಆರಿಸಿಕೊಂಡ ಮಾದರಿಯು ಹೊಸದಾಗಿರಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯಲ್ಲಿರುವ ಹೇ-ಆನ್-ವೈ ಎಂಬ ಊರಿನಲ್ಲಿ ರಿಚರ್ಡ್ ಬೂತ್ ಎಂಬವರು 1960ರ ದಶಕದ ಆರಂಭದಲ್ಲಿ ಹಳೆಯ ಪುಸ್ತಕಗಳ ವ್ಯಾಪಾರ ಆರಂಭಿಸಿ, ಇಡೀ ಊರನ್ನೇ ಪುಸ್ತಕದ ಪೇಟೆಯಾಗಿಸಿದ್ದರು. 1977ರ ಏಪ್ರಿಲ್ 1ರಂದು ಅವರು ತಮ್ಮನ್ನು ಆ ಊರಿನ ‘ರಾಜ’ ಎಂದು ಘೋಷಿಸಿಕೊಂಡ ತಮಾಷೆಯು ಬಿಡಿಕಾಸಿನ ಖರ್ಚಿನಲ್ಲಿ ದೊರೆತ ಜಾಹೀರಾತಾಯಿತು. 1988ರಲ್ಲಿ ಅಲ್ಲಿ ಸಾಹಿತ್ಯೋತ್ಸವವೂ ಆರಂಭವಾಯಿತು.

ಇದೇ ಮಾದರಿಯ ಊರೊಂದನ್ನು ಸ್ಕಾಟ್ಲೆಂಡಿನಲ್ಲಿ ರೂಪಿಸಲು ಹಲವು ಊರುಗಳ ನಡುವೆ ಸ್ಪರ್ಧೆ ಏರ್ಪಟ್ಟಾಗ ವಿಗ್‌ಟೌನ್ ಆಯ್ಕೆಯಾಯಿತು. 1998ರಲ್ಲಿ ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ಪುಸ್ತಕ ಪಟ್ಟಣವೆಂಬ ಸ್ಥಾನ ಪಡೆಯಿತು. ಖಾಲಿ ಬಿದ್ದ, ಕಡಿಮೆ ಬೆಲೆಗೆ ದೊರೆಯುವ ಕಟ್ಟಡಗಳು ಅದುವರೆಗೆ ಊರಿನ ದೌರ್ಬಲ್ಯವಾಗಿದ್ದವು. ಹೊಸ ಯೋಜನೆಯಲ್ಲಿ ಅವೇ ಅನುಕೂಲವಾದವು.

ಒಂದೇ ಬೀದಿಯಲ್ಲಿ ಹತ್ತು ಪುಸ್ತಕದಂಗಡಿಗಳಿದ್ದರೆ ಯಾರಿಗೆ ಲಾಭ ಎಂಬ ಪ್ರಶ್ನೆ ವ್ಯಾಪಾರಿಗಳಿಗೆ ಸಹಜ. ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ಬಲ್ಲವರಿಗೆ ಇದರ ಉತ್ತರವೂ ತಿಳಿದಿರುತ್ತದೆ. ಹಳೆಯ ಪುಸ್ತಕದ ದಾಸ್ತಾನು ಅಂಗಡಿಯಿಂದ ಅಂಗಡಿಗೆ ಬೇರೆಯಾಗಿರುತ್ತದೆ. ಒಂದು ಕಡೆ ಸಿಗದ ಪುಸ್ತಕ ಪಕ್ಕದಲ್ಲಿ ಸಿಗಬಹುದು. ಆದ್ದರಿಂದ ನೆರೆಯ ಅಂಗಡಿಯು ಗಿರಾಕಿಯನ್ನು ಕಸಿದುಕೊಳ್ಳುವುದಕ್ಕಿಂತ ಹೆಚ್ಚಾಗಿ ಆತನನ್ನು ದೂರದಿಂದ ಊರಿಗೆ ಎಳೆತರುತ್ತದೆ. ಹೀಗೆ ಬಂದವನು ಊಟ ಮಾಡುತ್ತಾನೆ, ಪೆಟ್ರೋಲು ಹಾಕಿಸುತ್ತಾನೆ, ರಾತ್ರಿ ತಂಗುತ್ತಾನೆ.

ಹತ್ತು ದಿನಗಳ ಉತ್ಸವ

ವಿಗ್‌ಟೌನಿನ ಸಾಹಿತ್ಯೋತ್ಸವವು 1999ರಲ್ಲಿ ಆರಂಭವಾಯಿತು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಹತ್ತು ದಿನಗಳ ಕಾಲ ನಡೆಯುವ ಇದರಲ್ಲಿ 200ಕ್ಕೂ ಹೆಚ್ಚು ಕಾರ್ಯಕ್ರಮಗಳಿರುತ್ತವೆ. ಕಾಲದ ಆಯ್ಕೆಯೇ ಗಮನಾರ್ಹ. ಬೇಸಿಗೆಯ ಪ್ರವಾಸಿಗರು ಹಿಂತಿರುಗಿ, ಚಳಿಗಾಲದ ಮಂದಗತಿ ಆರಂಭವಾಗುವ ಹೊತ್ತಿನಲ್ಲಿ ಈ ಉತ್ಸವವು ವ್ಯಾಪಾರದ ಋತುವನ್ನು ಕೆಲ ವಾರ ಮುಂದಕ್ಕೆ ಎಳೆಯುತ್ತದೆ.

ಉತ್ಸವದ ನಿರ್ವಹಣೆಯು ಲಾಭದ ಉದ್ದೇಶವಿಲ್ಲದ ದತ್ತಿ ಸಂಸ್ಥೆಯೊಂದರ ಕೈಯಲ್ಲಿದೆ. ಅದರ ವೇತನದ ಸಿಬ್ಬಂದಿ ಕೆಲವರು ಮಾತ್ರ. ಟಿಕೆಟ್ ಪರಿಶೀಲಿಸುವುದು, ಡೇರೆಗಳಲ್ಲಿ ಕುರ್ಚಿ ಜೋಡಿಸುವುದು, ಬಂದವರಿಗೆ ದಾರಿ ತೋರಿಸುವುದು ಮುಂತಾದ ಕೆಲಸಗಳಲ್ಲಿ ಸ್ವಯಂಸೇವಕರದೇ ದೊಡ್ಡ ಪಾಲು. ಊರಿಗೆ ರೈಲಿಲ್ಲ, ಡಂಫ್ರೀಸ್ ಪಟ್ಟಣದ ರೈಲು ನಿಲ್ದಾಣವು ಸುಮಾರು 90 ಕಿಲೋಮೀಟರ್ ದೂರದಲ್ಲಿದೆ. ಅತಿಥಿ ಲೇಖಕರನ್ನು ಯಾರಾದರೂ ಕಾರಿನಲ್ಲಿ ಕರೆತರಲೇಬೇಕು. ಊರಿನ ಅತಿದೊಡ್ಡ ಪುಸ್ತಕದಂಗಡಿಯ ಮಾಲೀಕರಾದ ಶಾನ್ ಬೈಥೆಲ್ ಅವರು ಉತ್ಸವದ ದಿನಗಳಲ್ಲಿ ಅಂಗಡಿಯ ಮಹಡಿಯ ಮೇಲಿನ ತಮ್ಮ ಹಜಾರವನ್ನೇ ಲೇಖಕರ ಊಟ ಹಾಗೂ ವಿಶ್ರಾಂತಿಗೆ ಬಿಟ್ಟುಕೊಟ್ಟ ಸಂಗತಿಯು ಅವರ ದಿನಚರಿಯ ಪುಸ್ತಕದಿಂದ ತಿಳಿದುಬರುತ್ತದೆ.

ಲೆಕ್ಕಕ್ಕೆ ಸಿಗದ ದುಡಿಮೆ

ಈ ದುಡಿಮೆಯ ಬೆಲೆ ಎಷ್ಟು? ಒಂದು ಊಹೆಯ ಲೆಕ್ಕವನ್ನು ನೋಡಬಹುದು. ಯಾವುದೇ ಉತ್ಸವದಲ್ಲಿ 100 ಜನರು ಹತ್ತು ದಿನ, ದಿನಕ್ಕೆ 6 ಗಂಟೆಯಂತೆ ಕೆಲಸ ಮಾಡಿದರೆ 6,000 ಗಂಟೆಗಳಾಗುತ್ತವೆ. ದಿನಕ್ಕೆ 8 ಗಂಟೆಯ ಲೆಕ್ಕದಲ್ಲಿ ಇದು 750 ಆಳು-ದಿನಗಳ ಕೂಲಿಗೆ ಸಮ. ಸಂಸ್ಥೆಯ ಲೆಕ್ಕಪತ್ರದಲ್ಲಿ ಇದು ಎಲ್ಲಿಯೂ ಜಮಾ ಆಗುವುದಿಲ್ಲ. ಬ್ರಿಟನ್ನಿನ ದತ್ತಿ ಸಂಸ್ಥೆಗಳ ಲೆಕ್ಕನಿಯಮದ ಪ್ರಕಾರ ಸಾಮಾನ್ಯ ಸ್ವಯಂಸೇವಕರ ಸೇವೆಯನ್ನು ಹಣದ ರೂಪದಲ್ಲಿ ಆದಾಯವೆಂದು ತೋರಿಸುವಂತಿಲ್ಲ. ಅದರ ಬೆಲೆಯನ್ನು ನಂಬಿಕಾರ್ಹವಾಗಿ ಅಳೆಯುವುದು ಸಾಧ್ಯವಿಲ್ಲವೆಂಬುದೇ ಕಾರಣ. ಆದರೆ ಆ ಸೇವೆಯ ಸ್ವರೂಪವನ್ನು ವಾರ್ಷಿಕ ವರದಿಯಲ್ಲಿ ಮಾತುಗಳಲ್ಲಿ ವಿವರಿಸಬೇಕು.

ನಿಯಮ ಸರಿಯಾದುದೇ. ಆದರೆ ಅದರ ಪರಿಣಾಮವನ್ನು ಅರಿತಿರಬೇಕು. ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿಗೆ ಸವಕಳಿಯನ್ನೂ ಯಾರೂ ಹಾಕುವುದಿಲ್ಲ. ಯಂತ್ರ ಹಳತಾದರೆ ಮಾಲೀಕನು ಹೊಸದಕ್ಕೆ ಹಣ ತೆಗೆದಿರಿಸುತ್ತಾನೆ. ಸ್ವಯಂಸೇವಕರಿಗೆ ವಯಸ್ಸಾದರೆ, ಬೇಸರವಾದರೆ ಅಥವಾ ತಮ್ಮನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲವೆಂದು ಅನಿಸಿದರೆ ಯಾವ ಖಾತೆಯೂ ಎಚ್ಚರಿಕೆ ನೀಡುವುದಿಲ್ಲ. ಒಂದು ವರ್ಷ ಅವರು ಬರದೇ ಇದ್ದಾಗ ಮಾತ್ರ ನಷ್ಟ ತಿಳಿಯುತ್ತದೆ. ಸ್ವಯಂಸೇವೆಯ ಮೇಲೆ ನಿಂತ ಎಲ್ಲ ಉತ್ಸವಗಳಿಗೂ ಇರುವ ನಿಜವಾದ ಅಪಾಯ ಇದೇ.

ಉಳಿದ 355 ದಿನಗಳು

ಉತ್ಸವವೊಂದರಿಂದಲೇ ಊರು ಬದುಕಲಾರದು. ಬೈಥೆಲ್ ಅವರು 2001ರಲ್ಲಿ ಕೊಂಡ ಅಂಗಡಿಯಲ್ಲಿ ಸುಮಾರು 1,00,000 ಪುಸ್ತಕಗಳಿವೆ. ಅವರ ದಿನಚರಿಯು 2017ರಲ್ಲಿ ಪ್ರಕಟವಾಗಿ ಹೆಸರು ಮಾಡಿತು. ಅದರಲ್ಲಿ ಪ್ರತಿದಿನದ ಬರಹದ ಕೊನೆಗೆ ಅಂದಿನ ಗಲ್ಲಾಪೆಟ್ಟಿಗೆಯ ಮೊತ್ತ ಹಾಗೂ ಗಿರಾಕಿಗಳ ಸಂಖ್ಯೆಯನ್ನು ನಮೂದಿಸಲಾಗಿದೆ. ಚಳಿಗಾಲದ ದಿನಗಳ ಮೊತ್ತವನ್ನು ಓದಿದ ವ್ಯಾಪಾರಿಗೆ ಬೇರೆ ವಿವರಣೆ ಬೇಕಾಗದು. ಅಂತರ್ಜಾಲದ ದೈತ್ಯ ಮಾರಾಟ ಸಂಸ್ಥೆಯ ಪೈಪೋಟಿಯಿಂದ ಹಳೆಯ ಪುಸ್ತಕಗಳ ಬೆಲೆ ಕುಸಿದುದರ ಅಳಲೂ ಅಲ್ಲಿದೆ. ಗುಂಡು ಹೊಡೆದ ಕಿಂಡಲ್ ಯಂತ್ರವೊಂದನ್ನು ಅವರು ಅಂಗಡಿಯ ಗೋಡೆಗೆ ತೂಗುಹಾಕಿದ್ದು ಪ್ರಸಿದ್ಧ.

ಈ ಕೊರತೆಯನ್ನು ತುಂಬಲು ಊರು ಉತ್ಸವದಿಂದ ಬಂದ ಹೆಸರನ್ನು ವರ್ಷವಿಡೀ ದುಡಿಸಿಕೊಳ್ಳುತ್ತದೆ. ‘ದಿ ಓಪನ್ ಬುಕ್’ ಎಂಬ ಅಂಗಡಿ ಇದಕ್ಕೆ ಉತ್ತಮ ನಿದರ್ಶನ. ಅದರ ಮಹಡಿಯ ಮನೆಯನ್ನು ಬಾಡಿಗೆಗೆ ಪಡೆದ ಪ್ರವಾಸಿಗರು ರಜೆಯ ದಿನಗಳಲ್ಲಿ ಕೆಳಗಿನ ಪುಸ್ತಕದಂಗಡಿಯನ್ನು ತಾವೇ ನಡೆಸುತ್ತಾರೆ. ಇಲ್ಲಿ ದುಡಿಯಲು ಬಂದವನೇ ಹಣ ಕೊಡುತ್ತಾನೆ! ಅನೇಕ ದೇಶಗಳ ಜನರು ಬಹಳ ಮೊದಲೇ ಕಾಯ್ದಿರಿಸಿಕೊಂಡು ಬರುತ್ತಾರೆ.

ಬ್ಲಾಡ್ನಾಕ್ ಭಟ್ಟಿಯೂ 2000ದಲ್ಲಿ ಮರಳಿ ಉತ್ಪಾದನೆ ಆರಂಭಿಸಿತು. ಇದರ ಶ್ರೇಯವನ್ನು ಪುಸ್ತಕಗಳಿಗೆ ನೀಡಲಾಗದು. ಅದನ್ನು ಕೊಂಡ ಉದ್ಯಮಿಯ ಛಲವೇ ಅದಕ್ಕೆ ಕಾರಣ. ಆದರೂ ನೋಡಲು ಎರಡನೆಯ ತಾಣವೊಂದಿದ್ದರೆ ಪ್ರವಾಸಿಗನು ಇನ್ನೊಂದು ರಾತ್ರಿ ಉಳಿಯುತ್ತಾನೆ.

ಹಣದ ಮೂಲಗಳೂ ಅಲುಗಾಡುವಂಥವೇ. 2020ರಲ್ಲಿ ಕೋವಿಡ್ ಕಾರಣ ಉತ್ಸವವನ್ನು ಅಂತರ್ಜಾಲದ ಮೂಲಕ ನಡೆಸಬೇಕಾಯಿತು. ಕಾರ್ಯಕ್ರಮ ನಡೆಯಿತು, ಆದರೆ ಊರಿನ ವಸತಿಗೃಹಗಳಿಗೆ ಅದರಿಂದ ಗಿರಾಕಿಗಳು ಬರಲಿಲ್ಲ. 2024ರಲ್ಲಿ ಬ್ರಿಟನ್ನಿನ ಹಲವು ಸಾಹಿತ್ಯೋತ್ಸವಗಳ ಪ್ರಾಯೋಜಕತ್ವವು ಹೂಡಿಕೆಯ ವಿವಾದದಿಂದಾಗಿ ಕೊನೆಗೊಂಡಿತು. ಒಬ್ಬರೇ ದೊಡ್ಡ ಪ್ರಾಯೋಜಕರಿಗಿಂತ ಹತ್ತಾರು ಸಣ್ಣ ಪ್ರಾಯೋಜಕರು ಮೇಲೆಂಬುದು ಇದರಿಂದ ಸ್ಪಷ್ಟ.

ವರ್ತಕರು ಗಮನಿಸಬೇಕಾದ ಅಂಶಗಳು

ಭಾರತದಲ್ಲಿಯೂ ಹೇ-ಆನ್-ವೈ ಮಾದರಿಯಿಂದ ಪ್ರೇರಣೆ ಪಡೆದು, ಮಹಾರಾಷ್ಟ್ರದ ಪಂಚಗಣಿ ಸಮೀಪದ ಭಿಲಾರ್ ಗ್ರಾಮವನ್ನು 2017ರ ಮೇ ತಿಂಗಳಲ್ಲಿ ಪುಸ್ತಕದ ಊರಾಗಿ ಉದ್ಘಾಟಿಸಲಾಯಿತು. ಅಲ್ಲಿ ಪುಸ್ತಕ ಓದಲು ಉಚಿತ. ಯೋಜನೆ ರಾಜ್ಯ ಸರಕಾರದ್ದು. ಗ್ರಾಮಸ್ಥರು ತಮ್ಮ ಮನೆಗಳಲ್ಲಿ ಓದುವ ಸ್ಥಳ ಒದಗಿಸಿದ್ದಾರೆ. ಎರಡು ಮಾದರಿಗಳೂ ಬೇರೆಯಾದರೂ ಎರಡರ ತಳಹದಿಯೂ ಊರಿನವರ ಇಂಥ ಉಚಿತ ಕಾಣಿಕೆಯೇ ಆಗಿದೆ.

ತಮ್ಮ ಊರಿನಲ್ಲಿ ಇಂಥ ಪ್ರಯತ್ನಕ್ಕೆ ಕೈಜೋಡಿಸುವ ವರ್ತಕರು ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡುವುದು ಒಳಿತು:

1. ಉತ್ಸವದ ಯಶಸ್ಸನ್ನು ಟಿಕೆಟ್ ಹಣದಿಂದ ಅಳೆಯದೆ, ಆ ಬಳಿಕ ತೆರೆದಿರುವ ಅಂಗಡಿಗಳ ಸಂಖ್ಯೆಯಿಂದ ಅಳೆಯಬೇಕು.

2. ದಿನಾಂಕವನ್ನು ವ್ಯಾಪಾರ ಮಂದವಾಗುವ ಕಾಲಕ್ಕೆ ಹೊಂದಿಸಬೇಕು. ಈಗಾಗಲೇ ಗಿರಾಕಿ ತುಂಬಿದ ಹಬ್ಬದ ದಿನಗಳಲ್ಲಿ ಉತ್ಸವ ನಡೆಸಿದರೆ ಊರಿನ ಒಟ್ಟು ವಹಿವಾಟು ಅಷ್ಟಾಗಿ ಹೆಚ್ಚದು.

3. ಸ್ವಯಂಸೇವಕರ ಹೆಸರು, ಕೆಲಸ ಹಾಗೂ ಗಂಟೆಗಳನ್ನು ದಾಖಲಿಸುವ ಪ್ರತ್ಯೇಕ ವಹಿಯನ್ನು ಇಡಬೇಕು. ಖಾತೆಯಲ್ಲಿ ಸೇರಿಸಲಾಗದಿದ್ದರೂ ವಾರ್ಷಿಕ ವರದಿಯಲ್ಲಿ ಪ್ರಕಟಿಸಬಹುದು.

4. ಅವರ ಊಟ, ಪ್ರಯಾಣ ಹಾಗೂ ಇಂಧನದ ವೆಚ್ಚವನ್ನು ಸಕಾಲದಲ್ಲಿ ಭರಿಸಬೇಕು. ಶ್ರಮವನ್ನು ಉಚಿತವಾಗಿ ನೀಡುವವನು ಕೈಯಿಂದ ಹಣವನ್ನೂ ಕಳೆದುಕೊಳ್ಳುವಂತಾಗಬಾರದು.

5. ಪ್ರತಿವರ್ಷ ಕೆಲವು ಕಿರಿಯರನ್ನು ಹಿರಿಯರ ಜೊತೆಗೆ ಸೇರಿಸಬೇಕು. ಸವಕಳಿ ನಿಧಿಯ ಬದಲಿಗೆ ಇರುವ ಏಕೈಕ ಏರ್ಪಾಡು ಇದು.

ವಿಗ್‌ಟೌನ್ ಶ್ರೀಮಂತ ಊರಾಗಿಲ್ಲ. ಅಲ್ಲಿನ ಚಳಿಗಾಲದ ಗಲ್ಲಾ ಇಂದಿಗೂ ಹಗುರವೇ. ಆದರೆ ಸುಮಾರು 1,000 ಜನರ ಊರಿನಲ್ಲಿ ಹತ್ತಕ್ಕೂ ಹೆಚ್ಚು ಪುಸ್ತಕ ಸಂಬಂಧಿ ಅಂಗಡಿಗಳು ಬಾಗಿಲು ತೆರೆದು ಕುಳಿತಿವೆ. ಹಿಂದೊಮ್ಮೆ ಬೀಗ ಕಂಡ ಬೀದಿಯಲ್ಲಿ ಅಂಗಡಿಯ ಬಾಗಿಲು ತೆರೆದಿರುವುದೇ ಲಾಭದ ಮೊದಲ ಕಂತು. ಆ ಕಂತನ್ನು ಕಟ್ಟಿದವರಲ್ಲಿ ಅನೇಕರ ಹೆಸರು ಯಾವ ಲೆಕ್ಕಪತ್ರದಲ್ಲಿಯೂ ಇಲ್ಲ.