ಸುಮೋ ಗೆಲ್ಲೋರು ಯಾರು? ಹೇಳಿ ನೋಡೋಣ!

ಜಪಾನಿನ ಸುಮೋ ಕುಸ್ತಿ ಮೇಲೆ ತುಮಕೂರಲ್ಲಿ ಕೂತು ಆನ್‌ಲೈನ್ ಊಹೆ ಆಟ ನಡೆಸಬಹುದಾ? ನಡೆಸಬಹುದು. ಆದ್ರೆ ಒಂದು ಷರತ್ತಿದೆ, ಕೊನೇವರೆಗೂ ಕೇಳಿ.

ವರ್ಷಕ್ಕೆ 6 ಟೂರ್ನಿ, ಒಂದೊಂದೂ 15 ದಿನ. ಮೇಲಿನ ದರ್ಜೆಯಲ್ಲಿ 42 ಪೈಲ್ವಾನರು, ಒಬ್ಬೊಬ್ಬರಿಗೆ ದಿನಕ್ಕೊಂದೇ ಕುಸ್ತಿ. ಕಣದಿಂದಾಚೆ ಕಾಲಿಟ್ಟರೂ ಸೋಲು, ಪಾದ ಬಿಟ್ಟು ಮೈಯ ಬೇರೆ ಭಾಗ ನೆಲಕ್ಕೆ ತಾಗಿದ್ರೂ ಸೋಲು.

ಗುಬ್ಬಿ, ಕುಣಿಗಲ್, ತುಮಕೂರು ಗೆಳೆಯರ ಒಂದು ವಾಟ್ಸಾಪ್ ಗ್ರೂಪ್, ಒಂದು ಗೂಗಲ್ ಫಾರ್ಮ್ ಸಾಕು. ದಿನಕ್ಕೆ 5 ಜೋಡಿ ಕೊಡಿ. ಸರಿ ಊಹೆಗೆ ಒಂದು ಅಂಕ. ಮೇಲಿನ ದರ್ಜೆಯ ಕುಸ್ತಿ ಶುರುವಾಗೋದು ಅಲ್ಲಿ ಸಂಜೆ 4ರ ಸುಮಾರಿಗೆ, ಅಂದ್ರೆ ನಮಗೆ ಮಧ್ಯಾಹ್ನ 12:30. ಹಾಗಾಗಿ ಬೆಳಗ್ಗೆ 11ಕ್ಕೇ ಫಾರ್ಮ್ ಬಂದ್. ಗಾಯವಾಗಿ ಪೈಲ್ವಾನ್ ಬರದಿದ್ರೆ ಎದುರಾಳಿಗೇ ಗೆಲುವು. ಅದಕ್ಕೆ ಅಂಕ ಉಂಟೋ ಇಲ್ವೋ ಮೊದಲೇ ಹೇಳಿಬಿಡಿ.

ಒಂದು ಗುಟ್ಟು: 8 ಗೆದ್ದವರ ಸ್ಥಾನ ಸಾಮಾನ್ಯವಾಗಿ ಏರುತ್ತೆ. ಕೊನೇ ದಿನ 7 ಗೆಲುವಲ್ಲಿ ನಿಂತವರ ಮೇಲೆ ಕಣ್ಣಿಡಿ.

ಈಗ ಷರತ್ತು: ದುಡ್ಡು ಬೇಡ! 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಪ್ರಕಾರ ಹಣ ಕಟ್ಟಿಸಿ ಆಡಿಸಿದ್ರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಣ್ಮೆಯ ಆಟ ಅನ್ನೋ ನೆಪವೂ ನಡೆಯಲ್ಲ.

ಗೆದ್ದವರಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕೊಡಿಸಿ. ಹಣ ಕಟ್ಟಿ ಅನ್ನೋ ಲಿಂಕ್ ಬಂದ್ರೆ ಮುಟ್ಟಬೇಡಿ. ಮೋಸ ಹೋಗಿದ್ರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.