ರಕ್ತದಲ್ಲಿ ಕಬ್ಬಿಣ ಹೆಚ್ಚಿದೆಯೆಂದರೆ

ಜಯನಗರ, ಬನಶಂಕರಿಗಳಲ್ಲಿ ಈಗ ರಕ್ತಪರೀಕ್ಷೆಯ ಕೇಂದ್ರಗಳಿಗೆ ಕೊರತೆಯಿಲ್ಲ. ಮುಂಜಾನೆ ಮನೆಗೇ ಬಂದು ರಕ್ತವನ್ನು ತೆಗೆದುಕೊಂಡು ಹೋಗಿ, ಸಂಜೆಯೊಳಗೆ ಪುಟಗಟ್ಟಲೆ ವರದಿಯನ್ನು ಕಳುಹಿಸಿಕೊಡುತ್ತಾರೆ. ಅದರಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿ ಕಂಡಿತೆಂದರೆ ಮನೆಯವರಿಗೆ ಆ ರಾತ್ರಿ ನಿದ್ರೆಯಿಲ್ಲ. ನಮ್ಮ ನೆರೆಮನೆಯ ಗೃಹಿಣಿಯೊಬ್ಬರು ಮೊನ್ನೆ ಅಂತಹ ವರದಿಯನ್ನು ಹಿಡಿದು ಬಂದು, “ರಕ್ತ ಕಡಿಮೆಯೆಂದು ಎರಡು ವರ್ಷದಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ. ಈಗ ರಕ್ತವೂ ಕಡಿಮೆ, ಕಬ್ಬಿಣವೂ ಹೆಚ್ಚು ಎಂದು ಬರೆದಿದ್ದಾರಲ್ಲ! ಇದೆಂತಹ ವಿಚಿತ್ರ?” ಎಂದು ಕೇಳಿದರು.

ವರದಿಯಲ್ಲಿ ಕಬ್ಬಿಣಕ್ಕೆ ಸಂಬಂಧಪಟ್ಟ ಅಂಕಿಗಳು ಒಂದಲ್ಲ, ಮುಖ್ಯವಾಗಿ ಮೂರು. ಮೊದಲನೆಯದು, ರಕ್ತದ ದ್ರವದಲ್ಲಿ ಆ ಹೊತ್ತಿಗೆ ಹರಿದಾಡುತ್ತಿರುವ ಕಬ್ಬಿಣ. ಇದು ಒಂದೇ ದಿನದಲ್ಲಿ ಏರಿ ಇಳಿಯುವುದು. ಬೆಳಿಗ್ಗೆ ಮಾತ್ರೆಯನ್ನು ನುಂಗಿ ರಕ್ತ ಕೊಟ್ಟವರಿಗೆ ಹೆಚ್ಚಾಗಿಯೇ ಕಾಣುವುದು. ಎರಡನೆಯದು, ಕಬ್ಬಿಣವನ್ನು ಹೊತ್ತು ಸಾಗಿಸುವ ಟ್ರಾನ್ಸ್‌ಫೆರಿನ್ ಎಂಬ ಬಂಡಿಗಳು ನೂರಕ್ಕೆ ಎಷ್ಟು ಪಾಲು ತುಂಬಿವೆಯೆಂಬ ಲೆಕ್ಕ. ಮೂರನೆಯದು ಫೆರಿಟಿನ್, ಅಂದರೆ ಶರೀರದ ಕಬ್ಬಿಣದ ಕಣಜ. ಇದನ್ನು 1937ರಲ್ಲಿ ಲೌಫ್‌ಬರ್ಗರ್ ಎಂಬ ಚೆಕ್ ವಿಜ್ಞಾನಿಯು ಕುದುರೆಯ ಗುಲ್ಮದಿಂದ ಬೇರ್ಪಡಿಸಿದನು.

ಜನರು ಬಹಳವಾಗಿ ಬೆದರುವುದು ಈ ಫೆರಿಟಿನ್ನಿಗೆ. ಆದರೆ ಜ್ವರ, ಕೀಲುಗಳ ಉರಿಯೂತ, ಕೊಬ್ಬು ತುಂಬಿದ ಯಕೃತ್ತು, ಮದ್ಯಪಾನ, ಇವುಗಳಿಂದಲೂ ಅದು ಏರುವುದು. ಕುಳಿತು ದುಡಿಯುವ ನಮ್ಮ ಬಡಾವಣೆಗಳ ಗಂಡಸರಲ್ಲಿ ಕಬ್ಬಿಣಕ್ಕಿಂತ ಹೊಟ್ಟೆಯ ಕೊಬ್ಬೇ ಕಾರಣವಾಗಿರುವುದುಂಟು. ಬಂಡಿಗಳ ಲೆಕ್ಕವು ನೂರಕ್ಕೆ 45ನ್ನು ಮೀರಿ, ಮಾತ್ರೆಯನ್ನು ನಿಲ್ಲಿಸಿ ಬರಿಯ ಹೊಟ್ಟೆಯಲ್ಲಿ ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ವೈದ್ಯರು ಮುಂದಿನ ಶೋಧನೆಗೆ ತೊಡಗುವರು.

ನಮ್ಮ ಶರೀರದಲ್ಲಿರುವ ಕಬ್ಬಿಣವೆಲ್ಲ ಸೇರಿ 3-4 ಗ್ರಾಮು. ದಿನವೊಂದಕ್ಕೆ ಹೊರಹೋಗುವುದು 1-2 ಮಿಲಿಗ್ರಾಮು ಮಾತ್ರ. ಹೆಚ್ಚಾದುದನ್ನು ಹೊರದೂಡುವ ಬಾಗಿಲೇ ಇಲ್ಲ. ಆದಕಾರಣ ಯಕೃತ್ತು ಹೆಪ್ಸಿಡಿನ್ ಎಂಬ ರಸವನ್ನು ಕಾವಲಿಟ್ಟು ಒಳಬರುವುದನ್ನೇ ತಡೆಯುವುದು. ಈ ಕಾವಲು ಸರಿಯಾಗಿರುವವರೆಗೆ ಸೊಪ್ಪಿನ ಹುಳಿಯನ್ನಾಗಲಿ, ರಾಗಿಮುದ್ದೆಯನ್ನಾಗಲಿ, ಅಜ್ಜಿಯ ಕಾಲದ ಕಬ್ಬಿಣದ ಕಾವಲಿಯನ್ನಾಗಲಿ ದೂರಬೇಕಾದುದಿಲ್ಲ. ಲೋಹಾಸವ, ಮಂಡೂರಭಸ್ಮಗಳನ್ನು ವೈದ್ಯರಿಗೆ ತಿಳಿಸದೆ ಸೇವಿಸುವುದು ಬೇರೆ ಮಾತು; ಅವೂ ಕಬ್ಬಿಣವೇ.

ಐರೋಪ್ಯರಲ್ಲಿ ಈ ಕಾವಲು ಹುಟ್ಟಿನಿಂದಲೇ ಕೆಟ್ಟಿರುವ ವಂಶಪಾರಂಪರ್ಯದ ರೋಗವೊಂದುಂಟು. ಅದಕ್ಕೆ ಆಗಾಗ ರಕ್ತವನ್ನು ತೆಗೆಯುವುದೇ ಚಿಕಿತ್ಸೆ. ಆ ಬಗೆಯದು ನಮ್ಮಲ್ಲಿ ವಿರಳ. ನಮ್ಮಲ್ಲಿ ವಿಚಾರಿಸಬೇಕಾದುದು ಥಲಸೀಮಿಯಾ. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಇದರ ವಾಹಕರೆಂದು ಅಂದಾಜು. ವಾಹಕರಿಗೆ ರೋಗವಿಲ್ಲ, ರಕ್ತಕಣಗಳು ಚಿಕ್ಕವಾಗಿ, ಹಿಮೋಗ್ಲೋಬಿನ್ ತುಸು ಕಡಿಮೆಯಾಗಿರುವುದಷ್ಟೆ. ಇದನ್ನೇ ಕಬ್ಬಿಣದ ಕೊರತೆಯೆಂದು ಬಗೆದು ವರ್ಷಗಟ್ಟಲೆ ಮಾತ್ರೆ ಕೊಡುವುದುಂಟು. ರಕ್ತ ಏರುವುದಿಲ್ಲ, ಕಬ್ಬಿಣ ಏರುವುದು. ನೆರೆಮನೆಯಾಕೆಯ ವಿಚಿತ್ರವು ಇದೇ. ಹಿಮೋಗ್ಲೋಬಿನ್ ಎ2 ಎಂಬ ಪರೀಕ್ಷೆಯಿಂದ ಅದು ನಿಶ್ಚಯವಾಯಿತು. ವೈದ್ಯರು ಮಾತ್ರೆಯನ್ನು ನಿಲ್ಲಿಸಿದರು.

ಆದರೆ ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ಮಗುವಿಗೆ ಘೋರವಾದ ಥಲಸೀಮಿಯಾ ಬರುವ ಸಂಭವವುಂಟು. ಜಯನಗರದ ಮಗ್ಗುಲಲ್ಲಿರುವ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಇಂತಹ ಮಕ್ಕಳ ಆರೈಕೆ ನಡೆಯುತ್ತದೆ. ಎರಡು ಮೂರು ವಾರಕ್ಕೊಮ್ಮೆ ಅವರಿಗೆ ಪರರ ರಕ್ತ ಬೇಕು. ಒಂದೊಂದು ಚೀಲ ರಕ್ತದೊಡನೆ 200-250 ಮಿಲಿಗ್ರಾಮು ಕಬ್ಬಿಣವು ಒಳಸೇರಿ ಹೃದಯದಲ್ಲಿಯೂ ಯಕೃತ್ತಿನಲ್ಲಿಯೂ ನೆಲೆಸುವುದು. ಪ್ರಾಣ ಉಳಿಸುವ ರಕ್ತವೇ ಹೀಗೆ ಹೊರೆಯಾಗುವುದರಿಂದ, ಅದನ್ನು ಹೊರದೆಗೆಯುವ ಡೆಫರಸಿರಾಕ್ಸ್ ಮೊದಲಾದ ಔಷಧಗಳನ್ನು ತಪ್ಪದೆ ಕೊಡಬೇಕಾಗುತ್ತದೆ.

ಆಕೆಯ ಮಗಳಿಗೆ ಈಗ ವರಾನ್ವೇಷಣೆ ನಡೆದಿದೆ. ತಾಯಿ ವಾಹಕಳಾದರೆ ಮಗಳೂ ಆಗಿರುವ ಸಂಭವ ಅರ್ಧಕ್ಕರ್ಧ. “ಜಾತಕದ ಜೊತೆಗೆ ಇದನ್ನೂ ಕೇಳಿದರೆ ಗಂಡಿನ ಕಡೆಯವರು ಏನೆಂದುಕೊಂಡಾರು?” ಎಂದು ಆಕೆಗೆ ಅಳುಕು. ಮಗಳಿಗೆ ಆ ಅಳುಕಿಲ್ಲ. ನಿನ್ನೆ ಬೆಳಿಗ್ಗೆ ತಾನೇ ಹೋಗಿ ರಕ್ತ ಕೊಟ್ಟು ಬಂದಿದ್ದಾಳೆ; ವರದಿ ಇನ್ನೂ ಬಂದಿಲ್ಲ.