ನಗರದ ನೇಮಕಾತಿ ಕೆಲಸ: ಕಮಿಷನ್ ಲೆಕ್ಕವನ್ನು ನೋಡುವ ಬಗೆ

ಬಳ್ಳಿಗಾವಿ, ಶಿರಾಳಕೊಪ್ಪ, ಶಿಕಾರಿಪುರ, ಸೊರಬ ಭಾಗದ ವರ್ತಕ ಕುಟುಂಬಗಳ ಪದವೀಧರ ಮಕ್ಕಳಿಗೆ ಬೆಂಗಳೂರಿನಿಂದ ಬರುವ ಉದ್ಯೋಗದ ಕರೆಗಳಲ್ಲಿ ನೇಮಕಾತಿ ಸಂಸ್ಥೆಗಳವೂ ಇರುತ್ತವೆ. ಕಂಪನಿಗಳಿಗೆ ಬೇಕಾದ ನೌಕರರನ್ನು ಹುಡುಕಿಕೊಡುವುದು ಕೆಲಸ. ಕೆಲವೆಡೆ ಅಲ್ಪ ಸಂಬಳದ ಜೊತೆಗೆ ಕಮಿಷನ್, ಕೆಲವೆಡೆ ಕಮಿಷನ್ ಮಾತ್ರ. ಅಂಗಡಿಯ ಗಲ್ಲಾ ನೋಡಿಕೊಳ್ಳುತ್ತಿರುವ ಮಗನನ್ನು ಇಂಥ ಕೆಲಸಕ್ಕೆ ಕಳುಹಿಸಬೇಕೇ ಎಂಬ ಪ್ರಶ್ನೆ ಎದುರಾದಾಗ ಅದನ್ನು ನೌಕರಿಯೆಂದು ನೋಡುವುದಕ್ಕಿಂತ ಹೊಸ ವ್ಯಾಪಾರವೆಂದು ನೋಡುವುದು ಹೆಚ್ಚು ಸೂಕ್ತ.

ಕಮಿಷನ್ ವ್ಯವಹಾರ ನಮ್ಮ ಸೀಮೆಗೆ ಹೊಸದಲ್ಲ. ಅಯ್ಯಾವೊಳೆಯ ಐನೂರ್ವರ ಹೆಸರನ್ನು ಶಾಸನಗಳಲ್ಲಿ ಉಳಿಸಿಕೊಂಡಿರುವ ಬಳ್ಳಿಗಾವಿಯವರಿಗೆ ದೂರದೂರಿನ ವ್ಯಾಪಾರವೂ ಹೊಸದಲ್ಲ. ಆದರೆ ಅಡಿಕೆ ಮಂಡಿಯಲ್ಲಿ ಮಾಲು ತೂಗಿ ದರ ನಿಂತ ಮೇಲೆ ದಲಾಲಿ ಬಹುಮಟ್ಟಿಗೆ ಖಚಿತ. ನೇಮಕಾತಿಯಲ್ಲಿ ದರ ನಿಂತ ಮೇಲೂ ಅಭ್ಯರ್ಥಿಯು ಮನಸ್ಸು ಬದಲಿಸಬಹುದು, ಹೆಚ್ಚು ಸಂಬಳ ಕೊಡುವ ಇನ್ನೊಂದು ಕಂಪನಿಗೆ ಹೋಗಬಹುದು, ಸೇರಿದ ತಿಂಗಳಲ್ಲೇ ಬಿಡಬಹುದು. ನಷ್ಟದ ಮೂಲ ಇಲ್ಲಿದೆ.

ಲೆಕ್ಕವನ್ನು ನೋಡೋಣ. ನೇಮಕಾತಿ ಸಂಸ್ಥೆಗಳು ಕಂಪನಿಯಿಂದ ಪಡೆಯುವ ಶುಲ್ಕದ ಒಂದು ಪ್ರಚಲಿತ ದರ ಅಭ್ಯರ್ಥಿಯ ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ. ವಾರ್ಷಿಕ 6 ಲಕ್ಷ ರೂ.ಗಳ ಹುದ್ದೆ ತುಂಬಿದರೆ ಸಂಸ್ಥೆಗೆ ಸುಮಾರು 50,000 ರೂ. ಅದರಲ್ಲಿ ಹುಡುಗನ ಪಾಲು ಶೇ. 20 ಎಂದು ಭಾವಿಸಿದರೆ 10,000 ರೂ. ತಿಂಗಳಿಗೆ ಐವತ್ತು ಸಾವಿರ ಗಳಿಸಬೇಕಾದರೆ ಇಂಥ ಐದು ಹುದ್ದೆಗಳನ್ನು ಪ್ರತಿ ತಿಂಗಳೂ ತುಂಬಬೇಕು. ಹೊಸಬನಿಂದ ಇದು ಸಾಧ್ಯವೇ ಎಂಬುದನ್ನು ಕೇಳಬೇಕಾದ್ದು ಮಾಲೀಕರನ್ನಲ್ಲ, ಅಲ್ಲಿ ಒಂದು ವರ್ಷ ದುಡಿದವರನ್ನು.

ಇನ್ನು ಹಣ ಕೈಗೆ ಬರುವ ಕಾಲ. ಜುಲೈ ಒಂದರಂದು ಕೆಲಸಕ್ಕೆ ಸೇರಿದವನು ಆಗಸ್ಟ್ ಮಧ್ಯದ ಹೊತ್ತಿಗೆ ಒಬ್ಬನನ್ನು ಆಯ್ಕೆ ಮಾಡಿಸಿದನೆನ್ನಿ. ಆ ಅಭ್ಯರ್ಥಿಗೆ ಹಳೆಯ ಕಂಪನಿಯಲ್ಲಿ 60 ದಿನಗಳ ನೋಟಿಸ್ ಅವಧಿ ಇದ್ದರೆ ಸೇರುವುದು ಅಕ್ಟೋಬರ್ ಮಧ್ಯದಲ್ಲಿ. ಬಿಲ್ಲು ಸಲ್ಲಿಕೆಯಾಗುವುದು ಅವನು ಸೇರಿದ ಮೇಲೆಯೇ. ಕಂಪನಿ 45 ದಿನಗಳಲ್ಲಿ ಪಾವತಿಸಿದರೆ ಡಿಸೆಂಬರ್ ಆರಂಭ. ಕಮಿಷನ್ ಡಿಸೆಂಬರ್ ಕೊನೆಗೆ. ಸೇರಿದವನು 90 ದಿನಗಳೊಳಗೆ ಬಿಟ್ಟರೆ ಬೇರೊಬ್ಬನನ್ನು ಪುಕ್ಕಟೆಯಾಗಿ ಒದಗಿಸಬೇಕೆಂಬ ಷರತ್ತು ಇದ್ದಲ್ಲಿ, ಜನವರಿ ಮಧ್ಯದವರೆಗೆ ಆ ಹಣವನ್ನು ತನ್ನದೆಂದು ಹೇಳುವಂತಿಲ್ಲ. ಈ ಆರು ತಿಂಗಳು ವಸತಿ, ಊಟ, ಓಡಾಟಕ್ಕೆ ತಿಂಗಳಿಗೆ 15,000 ರೂ. ಹಿಡಿದರೂ ಮನೆಯಿಂದ 90,000 ರೂ. ಹೋಗುತ್ತದೆ. ಇದೇ ಈ ವ್ಯಾಪಾರದ ಬಂಡವಾಳ. ಹಬ್ಬದ ಹಂಗಾಮಿಗೆ ಸರಕು ತುಂಬಬೇಕಾದ ಸಣ್ಣ ಅಂಗಡಿಗೆ ಇದು ಹಗುರವಾದ ಮೊತ್ತವಲ್ಲ.

ಕೆಲವು ಸಂಸ್ಥೆಗಳು ಪ್ರತಿ ತಿಂಗಳು ಒಂದಿಷ್ಟು ಹಣ ಕೊಟ್ಟು ಅದನ್ನು "ಸಂಬಳ" ಎನ್ನುತ್ತವೆ. ಮುಂದೆ ಬರುವ ಕಮಿಷನ್ನಿನಲ್ಲಿ ಅದು ಮುರಿದುಕೊಳ್ಳುವ ಹಣವಾದರೆ ಅದು ಸಂಬಳವಲ್ಲ, ಮಂಡಿಯವರು ಬೆಳೆಗಾರನಿಗೆ ಕೊಡುವ ಮುಂಗಡದಂತೆಯೇ. ಕೆಲಸ ಬಿಟ್ಟಾಗ ಆ ಬಾಕಿಯನ್ನು ಹಿಂದಿರುಗಿಸಬೇಕೇ ಎಂಬುದು ಬರಹದಲ್ಲಿರಬೇಕು.

ಭವಿಷ್ಯನಿಧಿಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. 1952ರ ಭವಿಷ್ಯನಿಧಿ ಕಾಯ್ದೆ ಹಾಗೂ 1972ರ ಉಪದಾನ ಕಾಯ್ದೆಗಳೆರಡೂ ಕಮಿಷನ್ನನ್ನು ವೇತನದ ಲೆಕ್ಕದಿಂದ ಹೊರಗಿಟ್ಟಿದ್ದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಕಮಿಷನ್ ಹೊರಗಿಡುವ ಪಟ್ಟಿಯಲ್ಲೇ ಇದೆ. ಆದರೆ ಆ ಪಟ್ಟಿಯ ಮೊತ್ತ ಒಟ್ಟು ಪಾವತಿಯ ಅರ್ಧವನ್ನು ಮೀರಿದರೆ ಮೀರಿದಷ್ಟು ಭಾಗ ವೇತನವೆಂದು ಪರಿಗಣಿತವಾಗುತ್ತದೆ. ಇದರ ಪ್ರಯೋಜನ ನೌಕರನೆಂದು ನೇಮಕಗೊಂಡವನಿಗೆ. "ಏಜೆಂಟ್" ಎಂದು ಬರೆಸಿಕೊಂಡವನಿಗೆ ಅದೂ ದೊರೆಯುವುದು ಕಷ್ಟ. ಆದ್ದರಿಂದ ನೇಮಕಾತಿ ಪತ್ರದಲ್ಲಿರುವ ಆ ಒಂದು ಪದವನ್ನು ಮೊದಲು ಓದಬೇಕು.

ಮಾರುಕಟ್ಟೆಯ ಏರಿಳಿತವೂ ಉಂಟು. 2023–24ರ ಸಾಲಿನಲ್ಲಿ ಇನ್ಫೋಸಿಸ್ ಸಂಸ್ಥೆಯ ಸಿಬ್ಬಂದಿ ಸುಮಾರು 26,000ದಷ್ಟು, ಟಿ.ಸಿ.ಎಸ್. ಸಂಸ್ಥೆಯ ಸಿಬ್ಬಂದಿ 13,000ಕ್ಕೂ ಹೆಚ್ಚು ಕಡಿಮೆಯಾಯಿತು. ಇಂಥ ವರ್ಷದಲ್ಲಿ ಸಂಬಳದ ನೌಕರನಿಗೆ ಆತಂಕವಾಗುತ್ತದೆ; ಕಮಿಷನ್ನಿನವನಿಗೆ ಆದಾಯವೇ ನಿಲ್ಲುತ್ತದೆ. ಕೇವಲ ಸಾಫ್ಟ್‌ವೇರ್ ಕಂಪನಿಗಳನ್ನು ನಂಬಿದ ಸಂಸ್ಥೆಗಿಂತ ಆಸ್ಪತ್ರೆ, ಕಾರ್ಖಾನೆ, ಬ್ಯಾಂಕುಗಳಿಗೂ ಜನ ಒದಗಿಸುವ ಸಂಸ್ಥೆ ಲೇಸು.

ಹಾಗೆಂದು ಕೆಲಸವೇ ಕೆಟ್ಟದ್ದೆಂದಲ್ಲ. ಒಂದೇ ಕ್ಷೇತ್ರದಲ್ಲಿ ಎರಡು ಮೂರು ವರ್ಷ ನಿಂತು ಪರಿಚಯ ಬೆಳೆಸಿಕೊಂಡವನು ಕಡಿಮೆ ಬಂಡವಾಳದಲ್ಲಿ ಸ್ವಂತ ಕಚೇರಿ ತೆರೆಯಬಲ್ಲ. ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶಕ್ಕೂ ಟರ್ನರ್, ಫಿಟ್ಟರ್‌ಗಳು ಬೇಕಲ್ಲವೇ? ನಮ್ಮ ಅಭಿಪ್ರಾಯದಲ್ಲಿ, ವಸತಿ ಮತ್ತು ಊಟದ ಖರ್ಚನ್ನಾದರೂ ಭರಿಸುವ ನಿಶ್ಚಿತ ಸಂಬಳವಿದ್ದರೆ ಒಪ್ಪಬಹುದು. ಬರಿಯ ಕಮಿಷನ್ ಆದರೆ ಆರು ತಿಂಗಳ ಖರ್ಚನ್ನು ಮೊದಲೇ ತೆಗೆದಿರಿಸಿ, ಅದು ಮುಗಿದ ದಿನ ಹಿಂದಿರುಗುವ ಕರಾರಿನ ಮೇಲೆ ಮಾತ್ರ ಕಳುಹಿಸಬೇಕು. ತರಬೇತಿಗೆಂದು ಹಣ ಕೇಳುವ ಅಥವಾ ಮೂಲ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಕಡೆಗೆ ಹೋಗಲೇಬಾರದು.

ಸೇರುವ ಮುನ್ನ ಬರಹದಲ್ಲಿ ಪಡೆಯಬೇಕಾದ ಉತ್ತರಗಳು ಹೆಚ್ಚೇನಿಲ್ಲ: ಕಮಿಷನ್ ಸಿಗುವುದು ಬಿಲ್ಲಿನ ಮೇಲೋ ವಸೂಲಾದ ಹಣದ ಮೇಲೋ, ಅಭ್ಯರ್ಥಿ ಬಿಟ್ಟುಹೋದರೆ ಎಷ್ಟು ವಾಪಸು, ತಾನು ಆಯ್ಕೆ ಮಾಡಿಸಿದವನು ಸೇರುವ ಮೊದಲೇ ತಾನು ಕೆಲಸ ಬಿಟ್ಟರೆ ಆ ಪಾಲು ಯಾರಿಗೆ.